ಹಲಗೆಯಿಂದ ಇಳಿದವಳು

ಆ ಬೀದಿಯಲ್ಲಿ ಮಕ್ಕಳು ದೊಡ್ಡವರಾದರೋ ಇಲ್ಲವೋ ಎಂದು ತೀರ್ಪು ಕೊಡುವ ಅಧಿಕಾರ ಇದ್ದದ್ದು ಕ್ಷೌರದಂಗಡಿಯವನೊಬ್ಬನಿಗೇ. ಯಾರೂ ಕೊಟ್ಟ ಅಧಿಕಾರವಲ್ಲ, ತಾನೇ ತೆಗೆದುಕೊಂಡದ್ದು. ಹಾಗಾಗಿ ಕಸಿಯುವವರೂ ಇರಲಿಲ್ಲ. ಅಂಗಡಿಯಲ್ಲಿ ಒಂದು ಹಲಗೆಯಿತ್ತು. ಚಿಕ್ಕ ಮಕ್ಕಳು ಬಂದರೆ ಅದನ್ನು ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಇಟ್ಟು, ಮಗುವನ್ನು ಅದರ ಮೇಲೆ ಕೂರಿಸಿ ಕೊರಳಿಗೆ ಬಟ್ಟೆ ಸುತ್ತುತ್ತಿದ್ದ. ಕತ್ತು ಕುರ್ಚಿಯ ಬೆನ್ನಿಗಿಂತ ಮೇಲೆ ಬಂದರೆ ಹಲಗೆ ಬೇಡ, ಬಾರದಿದ್ದರೆ ಬೇಕು. ಕಾನೂನು ಇಷ್ಟೇ.

"ನಮ್ಮವನು ಕ್ಲಾಸಿಗೇ ಎತ್ತರ ಕಣ್ರೀ" ಎಂದು ತಾಯಂದಿರು ಶಿಫಾರಸು ತಂದರೆ, "ಕ್ಲಾಸಲ್ಲಿರಬಹುದು ಅಮ್ಮ, ಕುರ್ಚೀಲಿಲ್ಲ" ಎಂದು ಹಲಗೆ ಎಳೆಯುತ್ತಿದ್ದ.

ಈ ವಿದ್ಯೆಯಲ್ಲಿ ಅವನಿಗೆ ಒಬ್ಬರೇ ಎದುರಾಳಿ, ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಅವರ ಕೂದಲು ಅವರಿಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿತ್ತು. ಆದರೂ ಭಾನುವಾರ ಬೆಳಿಗ್ಗೆ ಬೆಂಚಿನ ಮೂಲೆ ಅವರದೇ. ತಾಯಿಯ ತೊಡೆಯ ಮೇಲೆ ಮುದುರಿ ಕೂತ ಹುಡುಗನ ಮೊಣಕಾಲು ನೋಡಿಯೇ ವಯಸ್ಸು ಹೇಳುತ್ತ ಜೀವನ ಸವೆಸಿದ ಮನುಷ್ಯ. ಬಾಗಿಲಲ್ಲಿ ಮಗು ಕಾಣಿಸಿದರೆ ಸಾಕು, ಪೇಪರಿನ ಹಿಂದಿನಿಂದಲೇ "ಹಾಫ್" ಅಥವಾ "ಫುಲ್" ಅನ್ನುತ್ತಿದ್ದರು.

ಆ ಭಾನುವಾರ ಅಂಗಡಿಯವನ ಮಗಳಿಗೆ ಏಳು ತುಂಬಿತ್ತು. ಗಾತ್ರ ಮತ್ತು ಖಾರ ಎರಡನ್ನೂ ನೋಡಿ ಮನೆಯವರು ಅವಳನ್ನು ಲವಂಗ ಎಂದು ಕರೆಯುತ್ತಿದ್ದರು. ಹುಟ್ಟುಹಬ್ಬದ ಬೆಳಿಗ್ಗೆ ಮೊದಲು ಅಪ್ಪನ ಅಂಗಡಿಯಲ್ಲಿ ಕೂದಲು ಕತ್ತರಿಸಿಕೊಂಡು, ಆಮೇಲೆ ಸ್ನಾನ, ಹೊಸ ಫ್ರಾಕು, ಕೇಕು. ಅದು ಆ ಮನೆಯ ಪದ್ಧತಿ.

"ಅಪ್ಪ, ಇವತ್ತು ನಂಗೆ ಹಲಗೆ ಬೇಡ" ಅಂದಳು ಲವಂಗ, ಹಲ್ಲುಜ್ಜುವ ಬ್ರಶ್ಶು ಬಾಯಲ್ಲಿರುವಾಗಲೇ.

"ಅದನ್ನ ನೀನು ಹೇಳೋದಲ್ಲ, ನಿನ್ನ ಕತ್ತು ಹೇಳತ್ತೆ."

ಬಲೂನು ಊದುತ್ತಿದ್ದ ಹೆಂಡತಿ ಅದರ ಬಾಯಿ ಹಿಡಿದುಕೊಂಡು ಹೇಳಿದಳು: "ರೀ, ಇದೇ ಕೊನೇ ಸಲ ಅಂತ ಕಾಣತ್ತೆ. ಉದ್ದ ಕೂದಲು ಬಿಡ್ತಾಳಂತೆ. ಇನ್ಮೇಲೆ ಎದುರಿನ ಪಾರ್ಲರಿಗೇ ಕರ್ಕೊಂಡು ಹೋದ್ರಾಯ್ತು. ದೊಡ್ಡವಳಾದ ಮೇಲೆ ಆ ಗಂಡಸರ ಮಧ್ಯ ಯಾಕೆ?"

ಅವನು ಅಂಗಡಿಯ ಬೀಗದ ಕೈ ತೆಗೆದುಕೊಂಡ. ಹೇಳುವುದೇನಿದೆ? ಹಲಗೆಯಿಂದ ಇಳಿದ ಹುಡುಗರು ಕುರ್ಚಿಗೆ ಬರುತ್ತಾರೆ. ಹಲಗೆಯಿಂದ ಇಳಿದ ಹುಡುಗಿಯರು ರಸ್ತೆ ದಾಟುತ್ತಾರೆ. ಎಷ್ಟೋ ಅಪ್ಪಂದಿರಿಗೆ ಅವನೇ ನಗುನಗುತ್ತ ಹೇಳಿದ ಮಾತು.

ಆದರೆ ಈ ತಲೆಯನ್ನು ಅವನು ಮೊದಲ ದಿನದಿಂದ ಬಲ್ಲ. ನೆತ್ತಿ ಇನ್ನೂ ಕೂಡದೆ ಮೆತ್ತಗೆ ಮಿಡಿಯುತ್ತಿದ್ದಾಗ ಎಣ್ಣೆ ಹಚ್ಚಿದ ಬೆರಳು ಅವನದು. ಎರಡು ಸುಳಿಗಳಿವೆ, ಎಡಗಡೆಯದು ಹಟಮಾರಿ, ಅದನ್ನು ಎದುರು ಹಾಕಿಕೊಳ್ಳದೆ ಬಾಚಬೇಕು ಎಂದು ಗೊತ್ತಿದ್ದವನೂ ಅವನೊಬ್ಬನೇ. ಉಳಿದ ಅಪ್ಪಂದಿರು ಮಕ್ಕಳ ಮುಖ ನೋಡಿ ಬೆಳೆದರು ಅನ್ನುತ್ತಾರೆ. ಅವನು ಹಿಂದಿನಿಂದ ನೋಡಿದವನು. ವರ್ಷವರ್ಷವೂ ಕಿವಿಯ ಹಿಂದಿನ ನಯವಾದ ಕೂದಲು ಒರಟಾದದ್ದು, ಕತ್ತಿನ ಕುಳಿ ಆಳವಾದದ್ದು, ಕತ್ತರಿಯ ಸದ್ದಿಗೆ ಭುಜ ಕುಗ್ಗಿಸುವುದು ನಿಂತದ್ದು ಎಲ್ಲ ಅವನಿಗೆ ಬಾಯಿಪಾಠ.

ಇನ್ನೊಂದೂ ಗೊತ್ತಿತ್ತು. ಹೋದ ತಿಂಗಳು ಅಂಗಡಿ ಖಾಲಿಯಿದ್ದಾಗ ಅವಳು ಕುರ್ಚಿಯಲ್ಲಿ ಕೂತು ಮಗ್ಗಿ ಹೇಳುತ್ತಿದ್ದಳು. ಅವನು ಹಿಂದೆ ಕೂದಲು ಗುಡಿಸುತ್ತಿದ್ದ. ತಲೆಯೆತ್ತಿ ನೋಡಿದರೆ ಕುರ್ಚಿಯ ಬೆನ್ನಿನ ಮೇಲೆ ಎರಡು ಬೆರಳು ಕತ್ತು. ನ್ಯಾಯಾಧೀಶ ಪೊರಕೆ ಹಿಡಿದು ಇನ್ನೊಂದು ಮೂಲೆಗೆ ಹೋಗಿದ್ದ, ಅಲ್ಲಿ ಕಸವೇ ಇರಲಿಲ್ಲ.

ಆದ್ದರಿಂದ ಆ ಬೆಳಿಗ್ಗೆ ಮಗಳಿಗಿಂತ ಸ್ವಲ್ಪ ಮುಂಚೆ ಅಂಗಡಿಗೆ ಬಂದು ಒಂದು ಕೆಲಸ ಮಾಡಿದ. ಗಡ್ಡ ಹೆರೆಯುವಾಗ ತಲೆ ಆನಿಸುವ ದಿಂಬನ್ನು ಡ್ರಾಯರಿನಿಂದ ತೆಗೆದು ಕುರ್ಚಿಯ ಬೆನ್ನಿನ ಮೇಲಕ್ಕೆ ಸಿಕ್ಕಿಸಿದ. ಬೆನ್ನು ಒಂದು ಗೇಣು ಎತ್ತರವಾಯಿತು. ಕಾನೂನು ಎಲ್ಲಿತ್ತೋ ಅಲ್ಲೇ ಇತ್ತು, ಕುರ್ಚಿ ಮಾತ್ರ ಬೆಳೆದಿತ್ತು.

"ಯಾರಿಗೋ ಶೇವಿಂಗಾ?" ಎಂದರು ಕಂಡಕ್ಟರು.

"ಸುಮ್ನೆ ಪೇಪರ್ ಓದ್ರಿ, ಸಾರ್."

ಲವಂಗ ಬಂದಳು. ಬೆಂಚಿನಿಂದ "ಫುಲ್!" ಎಂಬ ಘೋಷಣೆಯಾಯಿತು. ಅವಳು ಕಂಡಕ್ಟರಿಗೆ ಕೈ ಮುಗಿದು, ಯಾರ ಸಹಾಯವೂ ಇಲ್ಲದೆ ಕುರ್ಚಿ ಹತ್ತಿ ನೆಟ್ಟಗೆ ಕೂತಳು. ಅವನು ಹಿಂದೆ ನಿಂತು ನೋಡುವ ಶಾಸ್ತ್ರ ಮಾಡಿದ. ಗಂಟಲು ಸರಿಮಾಡಿಕೊಂಡ.

"ಇನ್ನೊಂಚೂರು ಬೇಕು ಕಣೇ ಪುಟ್ಟಿ. ಮುಂದಿನ ವರ್ಷ ನೋಡೋಣ."

ಅಳುತ್ತಾಳೆ ಎಂದುಕೊಂಡಿದ್ದ. ಅತ್ತರೆ ಸಮಾಧಾನ ಮಾಡುವುದು ಅವನಿಗೆ ಸುಲಭ, ಅದು ದಿನಾ ಮಾಡುವ ಕೆಲಸ. ಅವಳು ಅಳಲಿಲ್ಲ. ಕೈ ಹಿಂದಕ್ಕೆ ಚಾಚಿ ತಡವಿದಳು.

"ಅಪ್ಪ, ಇದು ಶೇವಿಂಗ್ ದಿಂಬು."

"ಹ್ಞೂಂ."

"ಕಟಿಂಗಿಗೆ ಇದನ್ನ ಹಾಕಲ್ಲ ತಾನೆ?"

ಬೆಂಚಿನ ಮೇಲೆ ಪೇಪರು ನಿಧಾನವಾಗಿ ಕೆಳಗಿಳಿಯಿತು. "ನಂಗೂ ಅದೇ ಅನುಮಾನ ಕಣಮ್ಮ. ನಿಮ್ಮಪ್ಪ ನಿಂಗೆ ಗಡ್ಡ ಬಂದಿದೆ ಅಂದ್ಕೊಂಡಿರಬೇಕು."

"ಸಾರ್, ನೀವು ಸುಮ್ನಿರ್ತೀರಾ?"

"ಸರ್ವಿಸ್ಸಿನಲ್ಲಿ ಎಂಥೆಂಥಾ ಅಪ್ಪಂದಿರನ್ನ ನೋಡಿದೀನಯ್ಯ! ದೊಡ್ಡ ಮಗೂನ ಚಿಕ್ಕದು ಅಂತ ತೋರಿಸೋಕೆ ಮಡಿಲಲ್ಲಿ ಮುಚ್ಚಿಟ್ಟೋರು, ನಿದ್ದೆ ಬಂದ ಹಾಗೆ ಮಲಗಿಸ್ದೋರು. ಆದರೆ ಬಸ್ಸಿನ ಸೀಟೇ ಬೆಳೆಸಿದೋನು ನೀನೊಬ್ಬನೇ."

ಲವಂಗ ನಗಲಿಲ್ಲ. ಕನ್ನಡಿಯಲ್ಲಿ ಅಪ್ಪನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ಕಾಯುವಿಕೆಯಿತ್ತು. ಎದುರಿಗಿರುವವನು ತಾನಾಗಿ ಸರಿಹೋಗುತ್ತಾನೆ ಎಂದು ಗೊತ್ತಿರುವವರು ಕಾಯುವ ಹಾಗೆ. ಬಾಲಕರ ಗದ್ದಲ, ತಾಯಂದಿರ ಶಿಫಾರಸು ಯಾವುದಕ್ಕೂ ಅಲ್ಲಾಡದ ಮನುಷ್ಯ ಅದಕ್ಕೆ ಸೋತ. ದಿಂಬು ಕಿತ್ತು ಡ್ರಾಯರಿಗೆ ಹಾಕಿದ. ಬೆನ್ನಿನ ಮೇಲೆ ಕತ್ತು ಕಂಡಿತು, ಹೋದ ತಿಂಗಳಿಗಿಂತ ಒಂದು ಕೂದಲೆಳೆಯಷ್ಟು ಜಾಸ್ತಿಯೇ.

"ಬೇಡ, ಹಲಗೆ ಬೇಡ" ಎಂದು ಗಟ್ಟಿಯಾಗಿ ತೀರ್ಪು ಕೊಟ್ಟ.

ಬಟ್ಟೆ ಕೊಡವಿ ಹೊದೆಸಿದ. ಕತ್ತರಿ ಕೈಗೆ ಬಂತು. ಆಗ ಒಂದು ತೊಡಕು ಎದುರಾಯಿತು. ಹಲಗೆಯ ಮೇಲಿನ ಮಕ್ಕಳನ್ನು ಯಾರೂ ಏನೂ ಕೇಳುವುದಿಲ್ಲ, ಕೇಳುವುದು ಹಿಂದೆ ನಿಂತ ತಾಯಿಯನ್ನು. ಕುರ್ಚಿಯಲ್ಲಿ ಕೂತವರನ್ನು ಮಾತ್ರ ಅವನು ಒಂದು ಪ್ರಶ್ನೆ ಕೇಳುತ್ತಿದ್ದ. ಕೇಳದೆ ಎಂದೂ ಕತ್ತರಿ ಆಡಿಸಿದವನಲ್ಲ. ಈ ತಲೆಗೆ ಆ ಪ್ರಶ್ನೆ ಹಾಕಿದ್ದೇ ಇಲ್ಲ. ಉತ್ತರ ಏನು ಬರುತ್ತದೆಂದೂ ಗೊತ್ತಿತ್ತು.

"ಹೇಗೆ ಬೇಕು?" ಎಂದ.

ಅವಳು ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿದಳು. "ಉದ್ದ ಬಿಡ್ತೀನಿ. ತುದಿ ಮಾತ್ರ ಸಮ ಮಾಡು."

"ಆಯ್ತು."

ತುದಿ ಸಮ ಮಾಡುವುದು ಹೊಸಬರಿಗೆ ಸಣ್ಣ ಕೆಲಸ, ಬಲ್ಲವರಿಗೆ ದೊಡ್ಡದು. ಹೆಚ್ಚು ಕತ್ತರಿಸಿ ತಪ್ಪು ಮುಚ್ಚಿಕೊಳ್ಳುವ ಅವಕಾಶವೇ ಇಲ್ಲ. ಅವನು ನೀರು ಚಿಮುಕಿಸಿ, ಎರಡು ಬೆರಳ ನಡುವೆ ಎಳೆಗಳನ್ನು ಹಿಡಿದು, ಎಡಸುಳಿಗೆ ಅದರ ಮರ್ಯಾದೆ ಕೊಟ್ಟು, ಒಂದೊಂದೇ ಗೆರೆ ತಂದ. ಅರ್ಧಕ್ಕೆ ಬಂದಾಗ ಅವನಿಗೇ ಆಶ್ಚರ್ಯವಾಯಿತು, ಎದೆಯ ಭಾರ ಇಳಿದು ಕೈ ಹಗುರಾಗಿತ್ತು. ಕಂಡಕ್ಟರು ಇಷ್ಟು ವರ್ಷದಿಂದ ಈ ಬೆಂಚಿಗೆ ಬರುವುದು ಯಾರ ಬಲವಂತಕ್ಕೆ? ಕತ್ತರಿಸಲು ಕೂದಲೇ ಇಲ್ಲದವರು! ಬಂದವರನ್ನು ಅವನು ಕಟ್ಟಿ ಕೂರಿಸಿಕೊಂಡಿದ್ದಿಲ್ಲ. ಹೇಗೆ ಬೇಕೆಂದು ಕೇಳಿದ್ದ, ಅವರು ಹೇಳಿದಷ್ಟು ಮಾಡಿದ್ದ. ಅವರು ಮತ್ತೆ ಬಂದಿದ್ದರು. ಆ ಕಲೆ ಎದುರಿನ ಪಾರ್ಲರಿನವರಿಗೂ ಬರಬಹುದು. ಬರಲಿ. ತನಗಿಂತ ಚೆನ್ನಾಗಿ ಬರಲಾರದು.

ಮುಗಿದ ಮೇಲೆ, ದೊಡ್ಡವರಿಗೆ ಹಿಡಿಯುವ ಹಾಗೆ, ಕೈಗನ್ನಡಿಯನ್ನು ಅವಳ ಬೆನ್ನ ಹಿಂದೆ ಹಿಡಿದ. ತನ್ನ ತಲೆಯ ಹಿಂಭಾಗವನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ಅಪ್ಪನಿಗೆ ಏಳು ವರ್ಷದಿಂದ ಗೊತ್ತಿದ್ದ ಜಾಗ ಈಗ ಅವಳಿಗೂ ಗೊತ್ತಾಯಿತು. ತಲೆ ಆ ಕಡೆ, ಈ ಕಡೆ ಓಲಿಸಿದಳು.

"ಎಡಗಡೆ ಒಂಚೂರು ಉದ್ದ ಇದೆ."

"ಎಲ್ಲಿ? ಇಲ್ಲ."

"ಇದೆ."

ಬಗ್ಗಿ ನೋಡಿದ. ಇತ್ತು. ಕತ್ತರಿಸಿ ಸಮ ಮಾಡಿದ.

ಅವಳು ಕುರ್ಚಿಯಿಂದ ಜಿಗಿಯಲಿಲ್ಲ, ಇಳಿದಳು. ಬಾಗಿಲ ಹತ್ತಿರ ಹೋಗಿ ತಿರುಗಿ ಕೇಳಿದಳು: "ಅಪ್ಪ, ಮತ್ತೆ ತುದಿ ಸಮ ಮಾಡೋಕೆ ಯಾವಾಗ ಬರ್ಲಿ?"

ಬೇರೆ ಯಾರೇ ಕೇಳಿದ್ದರೂ ಅವನು ವಾರ, ದಿನ, ಹೊತ್ತು ಹೇಳಿಬಿಡುತ್ತಿದ್ದ.

"ನಿಂಗೆ ಬರ್ಬೇಕು ಅನ್ಸಿದಾಗ ಬಾ" ಎಂದ. "ನಾನಿಲ್ಲೇ ಇರ್ತೀನಿ."

ಅವಳು ಸರಿ ಎಂಬಂತೆ ತಲೆಯಾಡಿಸಿ, ಎರಡೂ ಕಡೆ ನೋಡಿ, ರಸ್ತೆ ದಾಟದೆ ಅಂಚಿನಲ್ಲೇ ಮನೆಯ ಕಡೆ ನಡೆದಳು. ಅವನು ಹಿಂದಿನಿಂದ ನೋಡಿದ. ಕೂದಲ ತುದಿ ಕತ್ತಿನ ಮೇಲೆ ಒಂದೇ ಗೆರೆಯಲ್ಲಿ ಅಲ್ಲಾಡುತ್ತಿತ್ತು. ಕೆಲಸ ಚೆನ್ನಾಗಿ ಬಂದಿದೆ ಅಂದುಕೊಂಡ.