ಭಾವ ನೋಡುತ್ತಿದ್ದದ್ದು ಯಾರನ್ನು?

ಭಾವನ ಜೀವನವನ್ನು ಸಿನಿಮಾ ಮಾಡುತ್ತಾರೆಂದು ಕೇಳಿದ ದಿನ ಡ್ರಮ್ಮಣ್ಣ ಮಾಡಿದ ಮೊದಲ ಕೆಲಸವೆಂದರೆ ಕೂದಲಿಗೆ ಬಣ್ಣ ಹಚ್ಚಿಕೊಂಡದ್ದು. ಭಾವ ಎಂದರೆ ಅಕ್ಕನ ಗಂಡ, ಎರಡು ವರ್ಷದ ಹಿಂದೆ ತೀರಿಕೊಂಡ ಹೆಸರಾಂತ ಪಿಟೀಲು ವಾದಕರು. ಮೂವತ್ತಾರು ವರ್ಷ ಅವರ ಎಡಗಡೆ ಕೂತು ಡ್ರಮ್ ಬಾರಿಸಿದವನು ಇವನು. ತನ್ನನ್ನು ಬಿಟ್ಟು ಸಿನಿಮಾ ಆದೀತೇ?

ಆಗುತ್ತಿತ್ತು. ಚಿತ್ರಕತೆಯಲ್ಲಿ ಭಾವನ ಬೆಕ್ಕಿಗೆ ನಾಲ್ಕು ದೃಶ್ಯವಿತ್ತು, ಡ್ರಮ್ಮಣ್ಣನಿಗೆ ಒಂದೂ ಇರಲಿಲ್ಲ. ಪಾತ್ರಗಳು ಜಾಸ್ತಿಯಾದವು ಎಂದು ನಿರ್ದೇಶಕ ನಯವಾಗಿ ಹೇಳಿ, ವೇದಿಕೆ ಮೇಲೆ ನಿಮ್ಮ ಭಾವ ಹೇಗಿರುತ್ತಿದ್ದರೆಂದು ನಾಯಕನಟನಿಗೆ ಕಲಿಸಿಕೊಡಿ ಎಂದು ಕೇಳಿದ. ಡ್ರಮ್ಮಣ್ಣ ಹಲ್ಲು ಕಿರಿದು ಒಪ್ಪಿಕೊಂಡ. ಎದುರಿನವರು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಆಸಾಮಿ ಅವನು.

ಭಾವನದೊಂದು ಗುಟ್ಟು ಅವನ ಬಳಿ ಇತ್ತು. ಬೆರಳಲ್ಲಿ ದೇವರೇ ಕೂತಿದ್ದರೂ ಆ ಮಹಾನುಭಾವರಿಗೆ ತಾಳದ ಲೆಕ್ಕ ಮಾತ್ರ ಹತ್ತುತ್ತಿರಲಿಲ್ಲ. ಎಲ್ಲಿ ಶುರುಮಾಡಬೇಕೆಂದು ತಿಳಿಯದೆ ಪ್ರತಿ ಸಲ ಎಡಕ್ಕೆ ತಿರುಗಿ ಡ್ರಮ್ಮಣ್ಣನ ಮುಖ ನೋಡುತ್ತಿದ್ದರು. ಇವನು ಹುಬ್ಬು ಹಾರಿಸಿದ ಮೇಲೆಯೇ ಕಮಾನು ತಂತಿ ಮುಟ್ಟುತ್ತಿತ್ತು. ಪತ್ರಿಕೆಯವರು ಅದನ್ನು ಧ್ಯಾನ ಎಂದು ಬರೆದರು. ಇವನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ, ಅಕ್ಕನ ಹತ್ತಿರ ಕೂಡ.

ನಟನಿಗೆ ಅದನ್ನೇ ಕಲಿಸಿದ. ಕಾರಣ ಹೇಳಲಿಲ್ಲ. ಎಡಕ್ಕೆ ನೋಡದೆ ಭಾವ ಒಂದು ಹಾಡನ್ನೂ ನುಡಿಸಿದವರಲ್ಲ ಎಂದು ಆಣೆ ಇಟ್ಟು, ಹದಿನೈದು ದಿನ ಕನ್ನಡಿ ಮುಂದೆ ನಿಲ್ಲಿಸಿ ಅವನ ಕತ್ತು ತಿರುಗಿಸಿದ. ಪಾಪ, ನಟ ಹೇಳಿದ್ದನ್ನು ಕೇಳುವವನು. ಚಿತ್ರೀಕರಣವಾದ ಹನ್ನೊಂದು ಸಂಗೀತ ಕಚೇರಿಗಳಲ್ಲೂ ಎಡಕ್ಕೆ ತಿರುಗಿ ಯಾರನ್ನೋ ನೋಡಿದ. ನೋಡಿದ ಮೇಲೆ ಅಲ್ಲಿ ಯಾರಾದರೂ ಇರಲೇಬೇಕಲ್ಲ, ತನ್ನ ಪಾತ್ರ ಹುಟ್ಟಲೇಬೇಕಲ್ಲ ಎಂದು ಡ್ರಮ್ಮಣ್ಣ ಮನೆಯಲ್ಲಿ ಮೀಸೆ ತೀಡುತ್ತ ಕೂತ.

ಕರೆ ಬಂತು. ಸಂಕಲನದ ಕೋಣೆಗೆ ಅಕ್ಕನನ್ನೂ ಕರೆದುಕೊಂಡು ಬನ್ನಿ ಎಂದರು. ಕಿಟಕಿಯಿಲ್ಲದ ಕೋಣೆ, ಸ್ಪಂಜು ಹೊರಬಂದ ಸೋಫಾ, ನೆಲದ ತುಂಬ ವೈರು. ಪರದೆಯ ಮೇಲೆ ನಾಯಕ ಎಡಕ್ಕೆ ತಿರುಗಿದ. ಮರುಕ್ಷಣ ಕಂಡದ್ದು ಡ್ರಮ್ ಅಲ್ಲ, ವೇದಿಕೆಯ ಮರೆಯಲ್ಲಿ ನಿಂತ ನಾಯಕಿ, ಅಂದರೆ ಅಕ್ಕನ ಪಾತ್ರದವಳು. ಅವಳು ನಕ್ಕಳು, ಅವನು ನುಡಿಸಿದ. ಈ ನೋಟ ಯಾರ ಕಡೆಗೆಂದು ತಲೆ ಕೆರೆದುಕೊಂಡ ನಿರ್ದೇಶಕ ಹನ್ನೊಂದು ಕಡೆಯೂ ಹೆಂಡತಿಯನ್ನೇ ತಂದು ಅಂಟಿಸಿದ್ದ.

"ನಿಜವಾಗ್ಲೂ ಹೀಗೇ ಇತ್ತಲ್ವಾ? ನೀವು ಪಕ್ಕದಲ್ಲೇ ಇದ್ದೋರು. ನೀವು ಹೂಂ ಅಂದ್ರೆ ಮಾತ್ರ ಇಟ್ಕೋತೀನಿ" ಎಂದ ನಿರ್ದೇಶಕ.

ಗುಟ್ಟು ಡ್ರಮ್ಮಣ್ಣನ ನಾಲಿಗೆ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ಹನ್ನೊಂದು ದೃಶ್ಯ ಅವನದೇ. ಅಷ್ಟರಲ್ಲಿ ಅಕ್ಕ ಅವನ ಮೊಣಕೈ ಹಿಡಿದು ಕಿವಿಯ ಹತ್ತಿರ ಬಾಗಿದಳು.

"ಅವ್ರು ನಿನ್ನ ಹುಬ್ಬು ನೋಡ್ತಿದ್ರು ಅಂತ ನಂಗೆ ಮೊದಲನೇ ವರ್ಷವೇ ಗೊತ್ತು ಕಣೋ. ಮೂವತ್ತಾರು ವರ್ಷ ನಿನ್ನನ್ನೇ ನೋಡಿದ್ರು. ಸಿನಿಮಾದಲ್ಲಾದ್ರೂ ನನ್ನನ್ನ ನೋಡ್ಲಿ ಬಿಡು."

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. ಆ ಕಣ್ಣು ತುಂಬಿತ್ತು. ಡ್ರಮ್ಮಣ್ಣ ನಿರ್ದೇಶಕನ ಕಡೆ ತಿರುಗಿದ.

"ಹೌದು, ನಮ್ಮಕ್ಕನ ಮುಖ ನೋಡದೆ ಭಾವ ಕಮಾನು ಎತ್ತಿದ್ದೇ ಇಲ್ಲ" ಎಂದ. ಒಂದು ಸುಳ್ಳು ಹೇಳಿದ ಮೇಲೆ ಬಾಯಿಗೆ ಕಡಿವಾಣವೇ ಉಳಿಯಲಿಲ್ಲ. ಅವಳು ಬರುವುದು ತಡವಾದರೆ ಕಚೇರಿಯೇ ತಡವಾಗುತ್ತಿತ್ತು. ಪರವೂರಿಗೆ ಹೋದಾಗ ಅವಳ ಫೋಟೋವನ್ನು ಪಿಟೀಲಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ನುಡಿಸುತ್ತಿದ್ದರು. ಒಮ್ಮೆ ಅವಳು ಕೆಮ್ಮಿದಳೆಂದು ಅರ್ಧಕ್ಕೇ ನಿಲ್ಲಿಸಿ ನೀರು ತರಲು ಓಡಿದ್ದರು. ನಿರ್ದೇಶಕ ಒಂದನ್ನೂ ಬಿಡದೆ ಬರೆದುಕೊಳ್ಳುತ್ತಿದ್ದ.

ಅಕ್ಕ ಮೂಗು ಒರೆಸಿಕೊಂಡು ತಮ್ಮನ ಕಾಲು ತುಳಿದಳು.

"ಸಾಕು ನಿಲ್ಸೋ. ಇನ್ನೊಂದು ಹೇಳಿದ್ರೆ ನಾನೇ ನಂಬಿಬಿಡ್ತೀನಿ."