ಮಾಮಾನ ಚರಗಿ

“ಹೇಳು ಬೇ ಮಾಯಾ, ಎಲ್ಲಾರ ಮುಂದ ಹೇಳು. ನಾ ನಿನಗ ಹೊಡೀತೀನೇನು?”

ಹೊಡೆಯುವವನೇ ಸಾಕ್ಷಿ ಕೇಳುತ್ತಿದ್ದ! ಹನ್ನೊಂದರ ಹುಡುಗಿ ಸೋದರಮಾವ ಮಹಾದೇವಪ್ಪನ ಕಾಲು ನೋಡುತ್ತ “ಇಲ್ಲ ಮಾಮಾ” ಎಂದಳು. ಮಕ್ಕಳ ರಕ್ಷಣಾಧಿಕಾರಿ ತ್ರಿವೇಣಿಗೆ ಹಣೆ ಬಡಿದುಕೊಳ್ಳಬೇಕೆನಿಸಿತು. ಮಕ್ಕಳ ಸಹಾಯವಾಣಿಗೆ ಯಾರೋ ಫೋನು ಮಾಡಿದರೆಂದು ಕಲಬುರಗಿಯಿಂದ ಕಮಲಾಪುರಕ್ಕೆ ಬಂದರೆ, ಮನೆಯಲ್ಲಿ ಇಡೀ ಓಣಿಯೇ ನೆರೆದಿತ್ತು. ಪೊಲೀಸರನ್ನು ಕಂಡು ಹುಡುಗಿ ಬೆದರೀತೆಂದು ಮಹಿಳಾ ಪೇದೆಯನ್ನು ರಸ್ತೆಯಲ್ಲಿ ಜೀಪಿನಲ್ಲೇ ಕೂರಿಸಿ ಬಂದಿದ್ದಳು. ಮಗುವಿನ ಜೊತೆ ಒಬ್ಬಳೇ ಮಾತಾಡಬೇಕೆಂದು ಹೇಳಿ ಹೇಳಿ ಬಾಯಿ ನೋಯಿತು. ಹೇಳಿದಾಗಲೆಲ್ಲ ಮತ್ತೊಂದು ಕಪ್ಪು ಚಹಾ ಬರುತ್ತಿತ್ತು.

“ಇಕಿ ಅವ್ವ ಕಪನೂರ ಫ್ಯಾಕ್ಟರ್ಯಾಗ ದುಡೀತಾಳ್ರಿ. ಮಗಳ್ನ ನನ್ನ ಉಡ್ಯಾಗ ಹಾಕ್ಯಾಳ. ಹಾದಿ ತಪ್ಪಿದ್ರ ಯಾರ್ನ ಕೇಳ್ತಾರ?” ಎಂದ ಮಹಾದೇವಪ್ಪ.

“ಸ್ವಾದರಮಾವ ಹೊಡದ್ರ ಅದು ಹೊಡ್ತ ಅಲ್ರಿ ಮೇಡಂ, ಬುದ್ಧಿ,” ಎಂದಳು ಬಾಗಿಲಲ್ಲಿದ್ದ ಮುದುಕಿ.

ಬೆಳಿಗ್ಗೆ ಫೋನಿನಲ್ಲಿ ಸಿಕ್ಕ ತಾಯಿಯದೂ ಇದೇ ರಾಗ: “ಕೆಲಸಾ ಬಿಟ್ಟು ಬಂದು ಏನ್ ತಿನ್ಲಿ ರೀ? ಹೊಡದಾಂವ ನಮ್ಮಣ್ಣನ ಅಲ್ಲಾ?” ಪೆಟ್ಟಿಗೆ ಪ್ರೀತಿ ಎಂದು ಹೆಸರಿಟ್ಟು ಕೂತ ಜನಕ್ಕೆ ಯಾವ ದೇವರು ಬಂದು ಹೇಳಬೇಕು!

ತ್ರಿವೇಣಿ ಕಪ್ಪು ಕುಕ್ಕಿ ಎದ್ದಳು. “ನಾ ಹೊರಕಡಿಗಿ ಹೋಗಬೇಕ್ರಿ. ಹಾದಿ ಗೊತ್ತಿಲ್ಲ, ಮಾಯಾನ್ನ ಜೋಡಿ ಕಳಸ್ರಿ.”

ಸರಕಾರ ಕಟ್ಟಿಸಿಕೊಟ್ಟ ಪಾಯಖಾನೆಯಲ್ಲಿ ತೊಗರಿಕಟ್ಟಿಗೆ ತುಂಬಿಟ್ಟಿದ್ದನ್ನು ಬರುವಾಗಲೇ ನೋಡಿ ಸಿಟ್ಟಾಗಿದ್ದಳು. ಈಗ ಅದೇ ಕೈ ಹಿಡಿಯಿತು. ಹೆಣ್ಣುಮಕ್ಕಳು ಚರಗಿ ಹಿಡಿದು ಹೊರಟರೆ ಯಾವ ಗಂಡಸು ಏನು ಕೇಳಿಯಾನು? ಮಹಾದೇವಪ್ಪ ಮುಖ ಆಚೆ ತಿರುಗಿಸಿದ. ಜೊತೆಗೆ ಎದ್ದ ಮುದುಕಿಯನ್ನು “ನನಗ ನಾಚಿಕಿ ಬರ್ತದ್ರಿ” ಎಂದು ಕೂರಿಸಿದಳು. ಮಾಯಾ ಹಿತ್ತಾಳೆಯ ಚರಗಿಯಲ್ಲಿ ನೀರು ತುಂಬಿಕೊಂಡು ಮುಂದಾದಳು.

ಜಾಲಿಗಿಡದ ಮರೆಗೆ ಬಂದದ್ದೇ ಹುಡುಗಿ ನಿಂತಳು. ಯಾರೂ ಕೇಳದೆಯೇ ಅಂಗಿಯ ತೋಳು ಮೇಲೆ ಸರಿಸಿದಳು. ಹಳೆಯ ಬಾಸುಂಡೆಗಳ ಮೇಲೆ ಹೊಸವು ಎದ್ದಿದ್ದವು.

“ಅಕ್ಕಾ, ನೀವು ಹ್ವಾದ ಮ್ಯಾಲ ನಾ ಏನ್ ಮಾಡ್ಲಿ?”

ತ್ರಿವೇಣಿ ಅಂಗಿಯ ತೋಳನ್ನು ಮೆಲ್ಲಗೆ ಕೆಳಗೆಳೆದಳು. “ನಾ ಒಬ್ಬಾಕಿನ ಹೋಗಂಗಿಲ್ಲವ್ವಾ,” ಎಂದು ಕೈ ಹಿಡಿದು ಹೊಲದ ಬದುವಿನಿಂದಲೇ ರಸ್ತೆಗೆ ನಡೆಸಿದಳು. ಪೇದೆ ಜೀಪಿನ ಬಾಗಿಲು ತೆರೆದಳು.

ಕಲಬುರಗಿಯ ಹಾದಿಯಲ್ಲಿ ಮಹಾಗಾಂವ ದಾಟಿದರೂ ಮಾಯಾ ಚರಗಿ ಬಿಟ್ಟಿರಲಿಲ್ಲ. ನೀರು ತುಳುಕಿ ಲಂಗವೆಲ್ಲ ತೊಯ್ದಿತ್ತು.

“ಕೆಳಗ ಇಡು ಅದನ್ನ.”

“ಬ್ಯಾಡ್ರಿ. ಮಾಮಾಂದದ. ನೆಗ್ಗಿದ್ರ ಹೊಡೀತಾನ.”

ಜೀಪು ತಗ್ಗಿನಲ್ಲಿ ಕುಲುಕಿತು. ಹುಡುಗಿ ಎರಡೂ ಕೈಯಿಂದ ಚರಗಿಯನ್ನು ಎದೆಗೆ ಅವಚಿಕೊಂಡಳು.