ಮೂರನೇ ಮಾಳಿಗೆಯ ಕೆಮ್ಮು

ಶ್ಯಾಮಸುಂದರ್‌ಗೆ ಜಗತ್ತಿನಲ್ಲಿ ಎರಡೇ ವಿಷಯ ಗೊತ್ತಿದ್ದದ್ದು. ಒಂದು ರೋಗಾಣು, ಇನ್ನೊಂದು ಜಾಝ್. ಮೊದಲನೆಯದು ಹೊಟ್ಟೆಪಾಡು. ಕುವೈತಿನ ಜಹ್ರಾದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೂತು ಕಂಡವರ ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಇಣುಕುವ ಕೆಲಸ. ಎರಡನೆಯದು ತಾನಾಗಿ ಅಂಟಿಸಿಕೊಂಡದ್ದು. ದೇಶಕ್ಕೆ ಹಿಂತಿರುಗುತ್ತಿದ್ದ ಒಬ್ಬ ಅಮೆರಿಕನ್ ಇಂಜಿನಿಯರ್ ಬಿಟ್ಟುಹೋದ ಗ್ರಾಮಫೋನು, ಒಂದು ಪೆಟ್ಟಿಗೆ ಹಳೆಯ ರೆಕಾರ್ಡುಗಳು, ಅವುಗಳ ಹೊದಿಕೆಯ ಬೆನ್ನ ಮೇಲೆ ಇರುವೆ ಸಾಲಿನ ಹಾಗೆ ಅಚ್ಚಾದ ಇಂಗ್ಲಿಷು. ಇಷ್ಟೇ ಅವನ ವಿಶ್ವವಿದ್ಯಾಲಯ. ಜಾಝ್ ನುಡಿಸುವ ಮನುಷ್ಯನನ್ನು ಅವನು ಕಣ್ಣಾರೆ ಕಂಡವನೇ ಅಲ್ಲ. ಹಾಗಾಗಿ ಅವನ ಧೈರ್ಯಕ್ಕೆ ಮಿತಿಯೂ ಇರಲಿಲ್ಲ.

ಅವನ ಮನೆಯಿದ್ದ ಹವಲ್ಲಿಯ ಕನ್ನಡಿಗರು ರಾಜ್ಯೋತ್ಸವಕ್ಕೆ ಸೇರಿದಾಗ ಬಿಸಿಬೇಳೆಬಾತ್ ಬಡಿಸುವ ಮುಂಚೆ ಶ್ಯಾಮಸುಂದರ್‌ನ ಉಪನ್ಯಾಸ ಇರುತ್ತಿತ್ತು. ಊಟ ಮುಗಿದ ಮೇಲೆ ಇಟ್ಟರೆ ಯಾರೂ ಕೂರುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ಸಂಘದವರಿಗೂ ಗೊತ್ತಿತ್ತು. ಎರಡೂ ಶಾಸ್ತ್ರಗಳನ್ನು ಪೂರ್ತಿ ಓದದವನಿಗೆ ಎರಡನ್ನೂ ಬೆರೆಸುವುದು ಸುಲಭ. "ಸೂಕ್ಷ್ಮಾಣು ಇಲ್ಲದಿದ್ದರೆ ಜಾಝ್ ಇಲ್ಲ!" ಎಂದು ಅವನು ಶುರುಮಾಡುತ್ತಿದ್ದ. ನ್ಯೂ ಆರ್ಲಿಯನ್ಸ್ ಎಂಬ ಊರು, ಸೊಳ್ಳೆ, ಹಳದಿ ಜ್ವರ, ಸಾಲುಸಾಲು ಹೆಣ. ಹೆಣದ ಹಿಂದೆ ಬ್ಯಾಂಡು. ಹೋಗುವಾಗ ನಿಧಾನ, ಮಣ್ಣು ಮಾಡಿ ಬರುವಾಗ ಕುಣಿತ. ಆ ಬರುವಾಗಿನ ಕುಣಿತವೇ ಜಾಝ್ ಎಂಬುದು ಅವನ ಸಿದ್ಧಾಂತ. ಆಮೇಲೆ ಬ್ಲೂಸ್ ಹಾಡುವವರ ಸರದಿ. ಒಂದೇ ಕೋಣೆಯಲ್ಲಿ ಎಂಟು ಜನ ಮಲಗಿ, ಒಬ್ಬರ ಕೆಮ್ಮನ್ನು ಇನ್ನೊಬ್ಬರು ಉಸಿರಾಡಿ ಕ್ಷಯ ಹತ್ತಿಸಿಕೊಂಡವರು. ಇಲ್ಲಿಗೆ ಬಂದಾಗ ಅವನ ದನಿ ತಗ್ಗುತ್ತಿತ್ತು. "ಕ್ಷಯ ಬಂದರೂ ಅವರು ನಿಲ್ಲಿಸಲಿಲ್ಲ. ರಕ್ತ ಕಾರುತ್ತಾ ಹಾಡಿದರು. ತೂತು ಬಿದ್ದ ಪುಪ್ಪುಸದಲ್ಲೇ ಕೊನೆಯ ವಾರದವರೆಗೂ ಊದಿದರು!" ಎನ್ನುತ್ತಾ ಇಲ್ಲದ ಕಾರ್ನೆಟ್ ತುತ್ತೂರಿಯನ್ನು ತುಟಿಗಿಟ್ಟು ಬೆರಳಾಡಿಸುತ್ತಿದ್ದ. ಯಾರಾದರೂ "ನೀವೂ ನುಡಿಸ್ತೀರಾ ಸಾರ್?" ಎಂದು ಕೇಳಿದರೆ ಒಂದು ನಗೆ ನಗುತ್ತಿದ್ದ. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಕೇಳಿದವರು ಹೌದೆಂದು ತಿಳಿಯಲಿ ಎಂಬಂಥ ನಗೆ.

1990ರ ಆಗಸ್ಟಿನಲ್ಲಿ ಇರಾಕಿನ ಟ್ಯಾಂಕುಗಳು ಬಂದವು. ಜಾಝೂ ನಿಂತಿತು, ಲ್ಯಾಬೂ ನಿಂತಿತು. ಸೈನಿಕರು ಮನೆಮನೆ ಹೊಕ್ಕು ಟೀವಿ, ಫ್ರಿಜ್ಜು, ಕೊನೆಗೆ ಕಿಟಕಿಯ ಏಸಿಯನ್ನೂ ಕಿತ್ತುಕೊಂಡು ಹೋಗುತ್ತಿದ್ದಾರೆಂಬ ಸುದ್ದಿ ಬಂದಾಗ ಶ್ಯಾಮಸುಂದರ್‌ಗೆ ಮೊದಲು ನೆನಪಾದದ್ದು ರೆಕಾರ್ಡಿನ ಪೆಟ್ಟಿಗೆ.

"ಆ ತಟ್ಟೆಗಳನ್ನ ಯಾರ್ರೀ ಕದೀತಾರೆ?" ಎಂದಳು ಹೆಂಡತಿ ಚಿತ್ರಾ. "ನಾನೇ ಎಷ್ಟು ಸಲ ಬೀದಿಗೆ ಇಟ್ಟು ನೋಡಿದೀನಿ, ಬೆಳಗಾದ್ರೆ ಅಲ್ಲೇ ಇರ್ತಿತ್ತು."

ಆದರೂ ಅವನಿಗೊಂದು ಉಪಾಯ ಹೊಳೆಯಿತು. ಬಂದೂಕಿಗೆ ಹೆದರದವನು ರೋಗಾಣುವಿಗೆ ಹೆದರುತ್ತಾನೆ. ಬಾಗಿಲ ಮೇಲೆ ರೋಗದ ಬೋರ್ಡು ಬರೆದರಾಯಿತು! ಕೆಳಗಿನ ದಿನಸಿ ಅಂಗಡಿಯ ಮಮ್ಮಾಲಿಯನ್ನು ಕರೆದ. ಬಂಟ್ವಾಳದ ಕಡೆಯ ಬ್ಯಾರಿ, ಹದಿನಾಲ್ಕು ವರ್ಷದಿಂದ ಕುವೈತಿನಲ್ಲಿದ್ದವನು, ಅರಬ್ಬಿಯನ್ನು ಚೆಂದ ಬರೆಯುವವನು.

"ಕಾಲರಾ ಅಂತ ಬರೆಯುವನಾ ಸಾರ್?" ಎಂದ ಮಮ್ಮಾಲಿ.

"ಕಾಲರಾ ನೀರಲ್ಲಿ ಬರೋದು ಮಮ್ಮಾಲಿ. ಅವರು ನೀರು ಕುಡಿಯಲ್ಲ, ಸಾಮಾನು ಹೊತ್ಕೊಂಡು ಹೋಗ್ತಾರೆ ಅಷ್ಟೆ. ಗಾಳೀಲಿ ಹಾರೋದು ಬೇಕು. ಕ್ಷಯ ಬರಿ."

"ನಿಮ್ಮ ತಲೆ ಅಂದ್ರೆ ತಲೆ ಮಾರಾಯ್ರೆ," ಎಂದು ಮಮ್ಮಾಲಿ ಕೆಂಪು ಪೇಂಟಿನಲ್ಲಿ ಬಾಗಿಲಿನ ತುಂಬ ಬರೆದ. ಉಳಿದ ಪೇಂಟು ಯಾಕೆ ದಂಡವಾಗಬೇಕೆಂದು ಒಂದು ತಲೆಬುರುಡೆಯನ್ನೂ ಬಿಡಿಸಿದ.

ಬರೀ ಬೋರ್ಡು ಸಾಲದೆಂದು ಶ್ಯಾಮಸುಂದರ್ ಕೆಮ್ಮನ್ನೂ ಕಲಿತ. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿದೊಡನೆ ತಳದಿಂದ ಎಳೆದು, ನಡುವೆ ಮುರಿದು, ಕೊನೆಗೆ ಸೀಟಿಯಂತೆ ಬಿಡುವ ಕೆಮ್ಮು. ವರ್ಷಗಟ್ಟಲೆ ಕೇಳಿದ ಬ್ಲೂಸಿನ ತಾಳಜ್ಞಾನವೆಲ್ಲ ಅದರಲ್ಲಿ ಕೂಡಿಬಂದಿತ್ತು. ಕರ್ಚೀಫಿಗೆ ರಕ್ತದಂತೆ ಕೆಂಪಗಿನ ವಿಮ್ಟೊ ಶರಬತ್ತು ಹನಿಸಿ ಕೈಯಲ್ಲಿ ಹಿಡಿಯುತ್ತಿದ್ದ. ಆರು ವರ್ಷದ ಮಗಳು ಪಾವನಾಗೂ ಹೇಳಿಕೊಟ್ಟ: "ಸೋಲ್ಜರ್ ಕಂಡ ತಕ್ಷಣ ಕೆಮ್ಮಬೇಕು ಪುಟ್ಟಿ." ಅವಳು ಅಪ್ಪನನ್ನೂ ಮೀರಿಸಿದಳು. ಒಂದು ಮಧ್ಯಾಹ್ನ ಇಬ್ಬರು ಸೈನಿಕರು ಬಾಗಿಲವರೆಗೂ ಬಂದರು. ಒಳಗಿನಿಂದ ಅಪ್ಪ ಮಗಳ ಜುಗಲ್ಬಂದಿ ಕೇಳಿ, ಬುರುಡೆ ನೋಡಿ, ಮೂಗಿಗೆ ಬಟ್ಟೆ ಒತ್ತಿ ಇಳಿದೇಹೋದರು. ಅವತ್ತು ಶ್ಯಾಮಸುಂದರ್ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದ. ಜೀವಮಾನದಲ್ಲಿ ಅವನ ಕಲೆಗೆ ಸಿಕ್ಕ ಮೊದಲ ಮನ್ನಣೆ ಅದು.

ಆದರೆ ಸೈನಿಕರು ಇಳಿದ ಮೆಟ್ಟಿಲಲ್ಲೇ ಸುದ್ದಿಯೂ ಇಳಿಯಿತು. ರೊಟ್ಟಿಯ ಸಾಲಿನಿಂದ ರೊಟ್ಟಿಯ ಸಾಲಿಗೆ ಹವಲ್ಲಿಯೆಲ್ಲ ಹರಡಿತು: ಲ್ಯಾಬಿನ ಶ್ಯಾಮಸುಂದರ್‌ಗೆ ಕ್ಷಯವಂತೆ. ಪಾಪ, ಕಂಡವರ ಕಫ ನೋಡಿ ನೋಡಿ ಬಂದದ್ದಂತೆ. ಮಗುವಿಗೂ ಹತ್ತಿದೆಯಂತೆ. ಈ ಸುದ್ದಿ ತಲುಪದೆ ಇದ್ದದ್ದು ಅವನ ಮನೆಯಿದ್ದ ಮೂರನೇ ಮಾಳಿಗೆಗೆ ಮಾತ್ರ, ಯಾಕೆಂದರೆ ಅಲ್ಲಿಗೆ ಯಾರೂ ಹತ್ತುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಊರಿಗೆ ಹೋಗುವವರಿಗೆ ಬಸ್ಸು ಹೊರಟಿತು. ಬಸ್ರಾ, ಬಾಗ್ದಾದು ದಾಟಿ ಅಮ್ಮಾನಿನವರೆಗೆ, ಅಲ್ಲಿಂದ ವಿಮಾನ. ಒಬ್ಬರಿಗೆ ಒಂದೇ ಚೀಲ. ಶ್ಯಾಮಸುಂದರ್ ರೆಕಾರ್ಡುಗಳನ್ನು ಮಂಚದಡಿಗೆ ತಳ್ಳಿ, ಬೀಗ ಹಾಕಿ, ಬುರುಡೆಯ ಕಾವಲಿಗೆ ಬಿಟ್ಟು, ಹೆಂಡತಿ ಮಗಳೊಡನೆ ಒಂದು ಶಾಲೆಯ ಅಂಗಳಕ್ಕೆ ಬಂದ. ಮಮ್ಮಾಲಿಯೂ ಜೊತೆಗಿದ್ದ. ಇನ್ನೊಂದು ಬಸ್ಸು ಯಾವಾಗ ಬರುತ್ತದೋ, ಬರುತ್ತದೋ ಇಲ್ಲವೋ, ಹೇಳುವವರಿರಲಿಲ್ಲ.

ಬಸ್ಸಿನ ಬಾಗಿಲಲ್ಲಿ ಸಂಘದ ಅಧ್ಯಕ್ಷ ಲಕ್ಷ್ಮೀನರಸಿಂಹ ನಿಂತಿದ್ದರು. ಬ್ಯಾಂಕಿನವರು, ಯಾವ ಬಾಗಿಲಾದರೂ ಅದು ತಮ್ಮದೇ ಎಂಬಂತೆ ನಿಲ್ಲುವವರು. ಶ್ಯಾಮಸುಂದರ್‌ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಅಲ್ಲಾ ಸ್ವಾಮಿ, ನೀವು ಬರಬಹುದಾ? ಕಿಟಕಿ ಮುಚ್ಚಿಕೊಂಡು ಮರಳುಗಾಡು ದಾಟಬೇಕು. ಒಳಗೆ ಕೂಸು ಬಾಣಂತಿ ಎಲ್ಲಾ ಇದ್ದಾರೆ."

"ನನಗೇನಾಗಿದೆ?"

"ನಿಮ್ಮ ಬಾಗಿಲ ಮೇಲೇ ಬರೆದಿದೆಯಲ್ಲ."

"ಅಯ್ಯೋ ಅದು ಸುಳ್ಳು ಬೋರ್ಡು! ಬೇಕಾದ್ರೆ ಮಮ್ಮಾಲೀನ ಕೇಳಿ, ಅವನೇ ಬರೆದದ್ದು."

"ಹೌದು ಸಾರ್, ಬರೆದದ್ದು ನಾನೇ," ಎಂದ ಮಮ್ಮಾಲಿ ಉತ್ಸಾಹದಿಂದ. "ನಾನು ಕಾಲರಾ ಅಂತ ಹೇಳಿದೆ. ಇಲ್ಲ, ಕ್ಷಯವೇ ಅಂತ ಸಾರೇ ಹಟ ಹಿಡಿದದ್ದು."

ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಶ್ಯಾಮಸುಂದರ್ ನಕ್ಕ. "ನೋಡಿ, ನಾನು ಗಟ್ಟಿಮುಟ್ಟಾಗಿಲ್ವಾ? ಕಾಯಿಲೆಯವನ ಹಾಗೆ ಕಾಣ್ತೀನಾ?"

"ಹೊರಗೆ ನೋಡಿದರೆ ಗೊತ್ತಾಗೋದಿಲ್ಲ ಅಂತ ನೀವೇ ಹೇಳಿದ್ದು," ಎಂದರು ಲಕ್ಷ್ಮೀನರಸಿಂಹ. "ಹೋದ ರಾಜ್ಯೋತ್ಸವದಲ್ಲಿ. 'ಕ್ಷಯ ಇದ್ದವನು ಮೊದಲು ಮಾಡೋ ಕೆಲಸ, ನನಗಿಲ್ಲ ಅನ್ನೋದು.' ನಾನು ಗಮನ ಇಟ್ಟು ಕೇಳ್ತಿದ್ದೆ ಸಾರ್."

ಇಡೀ ಸಭೆಯಲ್ಲಿ ಒಬ್ಬನಾದರೂ ತನ್ನ ಮಾತು ಕೇಳಿಸಿಕೊಂಡಿರಲಿ ಎಂದು ಶ್ಯಾಮಸುಂದರ್ ವರ್ಷಗಳಿಂದ ಹಾರೈಸಿದ್ದ. ಆ ಒಬ್ಬ ಇವನೇ ಆಗಬೇಕಿತ್ತೆ!

ಅಷ್ಟರಲ್ಲಿ ಗೇಟಿನ ಬಳಿ ಒಬ್ಬ ಸೈನಿಕ ಹಾದುಹೋದ. ಚಿತ್ರಾಳ ಸೆರಗು ಹಿಡಿದು ನಿಂತಿದ್ದ ಪಾವನಾ ಅವನನ್ನು ಕಂಡಳು. ಹೇಳಿಕೊಟ್ಟ ಪಾಠ ಮರೆಯದ ಮಗು. ತಳದಿಂದ ಎಳೆದು, ನಡುವೆ ಮುರಿದು, ಕೊನೆಗೆ ಸೀಟಿ.

ಕಿಟಕಿಗಳು ಪಟಪಟನೆ ಮುಚ್ಚಿಕೊಂಡವು.

"ಇವರು ಹತ್ತೋದಾದ್ರೆ ನಾವು ಇಳೀತೀವಿ," ಎಂದು ಒಳಗಿನಿಂದ ಒಂದು ಹೆಂಗಸಿನ ದನಿ ಬಂತು.

"ನೀವಿಬ್ಬರೂ ಹೋಗಿ, ನಾನು ಆಮೇಲೆ ಬರ್ತೀನಿ," ಎಂದ ಶ್ಯಾಮಸುಂದರ್, ದನಿ ತಗ್ಗಿಸಿ. ಈ ಸಲ ತಗ್ಗಿದ್ದು ಉಪನ್ಯಾಸಕ್ಕಲ್ಲ.

"ಬಾಯ್ಮುಚ್ಕೊಂಡಿರಿ," ಎಂದಳು ಚಿತ್ರಾ. "ಹೋದ್ರೆ ಮೂರೂ ಜನ, ಇದ್ರೆ ಮೂರೂ ಜನ." ಹೇಳಿ ಚೀಲದ ಮೇಲೆ ಕೂತುಬಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು. ಅದು ಭಯಕ್ಕೋ ಇಂಥವನನ್ನು ಕಟ್ಟಿಕೊಂಡದ್ದಕ್ಕೋ ಕೇಳುವ ಧೈರ್ಯ ಅವನಿಗಾಗಲಿಲ್ಲ.

ಆಗ ಡ್ರೈವರನ ಜೊತೆ ಹಗ್ಗ ಬಿಗಿಯುತ್ತಿದ್ದ ಮಥಾಯಸ್ ಬಸ್ಸಿನ ನೆತ್ತಿಯಿಂದ ಇಳಿದ. ಸಬ್ಹಾನಿನ ಗ್ಯಾರೇಜೊಂದರ ಫೋರ್ಮನ್, ಮಂಗಳೂರಿನವನು. ಈ ಬಸ್ಸನ್ನು ಗೊತ್ತುಮಾಡಿದವನೇ ಅವನು. ಅವನ ಮಾತೇ ಕೊನೆ. ಮದುವೆಗೂ ಮರಣಕ್ಕೂ ಬ್ಯಾಂಡಿನಲ್ಲಿ ಕಾರ್ನೆಟ್ ಊದುತ್ತಿದ್ದವನಾದ್ದರಿಂದ ಒಬ್ಬರಿಗೆ ಒಂದೇ ಚೀಲ ಎಂದಾಗ ಬಟ್ಟೆ ಬಿಟ್ಟು ಆ ವಾದ್ಯವನ್ನೇ ತಂದಿದ್ದ.

"ಎಂತ ಗಲಾಟೆ ಇದು? ಇವರಿಗೆ ಪುಪ್ಪುಸದಲ್ಲಿ ತೂತು ಉಂಟೋ ಇಲ್ವೋ, ಅಷ್ಟೇ ಅಲ್ವಾ ಪ್ರಶ್ನೆ?" ಎಂದ. ಚೀಲದಿಂದ ಕಾರ್ನೆಟ್ ತೆಗೆದು ಶ್ಯಾಮಸುಂದರ್‌ನ ಕೈಗಿಟ್ಟ. "ಊದಿ ಸಾರ್. ತೂತು ಇದ್ದವನಿಗೆ ಇದನ್ನು ಊದ್ಲಿಕ್ಕೆ ಆಗುವುದಿಲ್ಲ. ನಿಮಗೆ ಹೇಗೂ ಗೊತ್ತುಂಟಲ್ಲ ನುಡಿಸ್ಲಿಕ್ಕೆ."

ಕಿಟಕಿಗಳು ಮತ್ತೆ ತೆರೆದವು. "ಇದು ನ್ಯಾಯ," ಎಂದರು ಲಕ್ಷ್ಮೀನರಸಿಂಹ.

ಶ್ಯಾಮಸುಂದರ್‌ನ ನಾಲಗೆ ತುರಿಸಿತು. ಇದು ಪರೀಕ್ಷೆಯೇ ಅಲ್ಲ! ತೂತು ಬಿದ್ದ ಪುಪ್ಪುಸದಲ್ಲೂ ಊದಬಹುದು. ಊದಿದವರ ಕಥೆ ಹೇಳಿಯೇ ಅವನು ಎಷ್ಟೋ ರಾಜ್ಯೋತ್ಸವಗಳ ಊಟ ತಡಮಾಡಿದ್ದ. ಅಷ್ಟೇ ಅಲ್ಲ, ರೋಗಿಯಾಗಿದ್ದರೆ ಊದಿದಷ್ಟೂ ರೋಗಾಣು ಇನ್ನೂ ದೂರ ಹಾರುತ್ತದೆ. ಒಂದು ಕಫದ ಮಾದರಿ, ಸ್ವಲ್ಪ ಕೆಂಪು ಬಣ್ಣ, ಒಂದು ಸೂಕ್ಷ್ಮದರ್ಶಕ ಇದ್ದಿದ್ದರೆ... "ವೈಜ್ಞಾನಿಕವಾಗಿ ನೋಡಿದರೆ," ಎಂದು ಬಾಯಿ ತೆರೆದ. ಚೀಲದ ಮೇಲೆ ಕೂತಿದ್ದ ಚಿತ್ರಾ ಕಣ್ಣೆತ್ತಿದಳು. ವಿಜ್ಞಾನ ಅಲ್ಲೇ ನಿಂತಿತು.

ಇನ್ನು ಸಂಗೀತ. ಹೌದೂ ಅಲ್ಲದ ಇಲ್ಲವೂ ಅಲ್ಲದ ಆ ನಗೆಯ ಬೆಲೆ ತೆರುವ ಕಾಲ ಬಂದಿತ್ತು. ಕಾರ್ನೆಟ್ಟನ್ನು ತುಟಿಗಿಟ್ಟು, ರೆಕಾರ್ಡಿನ ಹೊದಿಕೆಯ ಚಿತ್ರದಲ್ಲಿ ಕಂಡಂತೆ ಎದೆಯುಬ್ಬಿಸಿ ಊದಿದ. ಏನೂ ಬರಲಿಲ್ಲ. ಗಾಳಿ ಹೋದದ್ದು ಗೊತ್ತು, ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಬಸ್ಸು ಉಸಿರು ಬಿಗಿಹಿಡಿಯಿತು.

"ತೂತು," ಎಂದು ಯಾರೋ ಪಿಸುಗುಟ್ಟಿದರು.

ಆಗ ಅವನು ಮಾಡಿದ ಕೆಲಸ ಅವನ ಬಾಳಿನಲ್ಲೇ ಮೊದಲು. ಮಥಾಯಸನ ಹತ್ತಿರ ಸರಿದು, "ನಂಗೆ ಬರಲ್ಲ ಕಣಪ್ಪ," ಎಂದ. "ಒಂದಿನಾನೂ ಮುಟ್ಟಿಲ್ಲ ನಾನು ಇದನ್ನ. ಹೇಗೆ ಊದೋದು ಹೇಳ್ಕೊಡು."

ಪಿಸುದನಿಯೆಂದು ಅವನು ತಿಳಿದದ್ದು. ಉಪನ್ಯಾಸ ಮಾಡಿ ಮಾಡಿ ಅವನ ಪಿಸುದನಿ ಯಾವತ್ತೋ ಹಾಳಾಗಿತ್ತು. ಹಿಂದಿನ ಸೀಟಿನವರೆಗೂ ಕೇಳಿಸಿತು.

"ಅಂದ್ರೆ ಇಷ್ಟು ವರ್ಷ ಗಾಳೀಲಿ ಬೆರಳಾಡಿಸಿದ್ದು?" ಎಂದರು ಲಕ್ಷ್ಮೀನರಸಿಂಹ.

"ಗಾಳೀಲೇ ಸಾರ್."

ಮಥಾಯಸ್ ನಗಲಿಲ್ಲ. ತುಟಿಯನ್ನು ಹೇಗೆ ಬಿಗಿಯುವುದು, ಹೇಗೆ ನೊಣದಂತೆ ಗುಂಯ್ಗುಡಿಸುವುದು ಎಂದು ತೋರಿಸಿದ. ಶ್ಯಾಮಸುಂದರ್ ಮತ್ತೆ ಊದಿದ. ಈ ಸಲ ಸದ್ದು ಬಂತು. ಈಯಲಾರದೆ ಒದ್ದಾಡುವ ಎಮ್ಮೆ ಹೀಗೆ ಕೂಗುತ್ತದೆಂದು ಆಮೇಲೆ ಮಮ್ಮಾಲಿ ಎಲ್ಲರಿಗೂ ಹೇಳಿದ. ಎಮ್ಮೆ ನಿಲ್ಲಿಸಲಿಲ್ಲ. ಕತ್ತಿನ ನರ ಉಬ್ಬಿ, ಮುಖ ಕೆಂಪಾಗಿ, ಬೀಸುವ ಬಿಸಿಗಾಳಿಗೆ ಎದುರಾಗಿ ಕೂಗುತ್ತಲೇ ಇತ್ತು. ಬಸ್ಸಿನಲ್ಲಿ ಮೊದಲು ಒಬ್ಬ ಮುಸಿಮುಸಿ ನಕ್ಕ, ಆಮೇಲೆ ಸೀಟು ಸೀಟಿಗೆ ನಗೆ ಹತ್ತಿಕೊಂಡಿತು. ಆಗಸ್ಟಿನಿಂದ ಯಾರೂ ನಗದ ಜನ. ಹೊಟ್ಟೆ ಹಿಡಿದುಕೊಂಡು ನಕ್ಕರು. ಇಳಿಯುತ್ತೇನೆಂದ ಹೆಂಗಸು ಕಣ್ಣೊರೆಸಿಕೊಳ್ಳುತ್ತಿದ್ದಳು. ಗೇಟಿನ ಸೈನಿಕನೂ ತಿರುಗಿ ನೋಡಿ ಕಿವಿ ಮುಚ್ಚಿಕೊಂಡ.

"ಸಾಕು, ಖಲಾಸ್!" ಎಂದ ಮಥಾಯಸ್. "ಪುಪ್ಪುಸ ಕಬ್ಬಿಣದ್ದು. ಸಂಗೀತಕ್ಕೆ ಮಾತ್ರ ಮದ್ದಿಲ್ಲ." ಕಾರ್ನೆಟ್ ಇಸಿದುಕೊಂಡು, ಒರೆಸದೆಯೇ ತನ್ನ ಬಾಯಿಗಿಟ್ಟು ಒಂದು ಸಣ್ಣ ಪಲುಕು ನುಡಿಸಿದ. ಎಂಜಲು! ಒಬ್ಬರ ಬಾಯಿಯ ರೋಗಾಣು ಇನ್ನೊಬ್ಬರಿಗೆ! ಶ್ಯಾಮಸುಂದರ್‌ಗೆ ಕೂಗಬೇಕೆನಿಸಿತು. ಆದರೆ ಬಸ್ಸಿನವರ ಮುಖ ಸಡಿಲವಾದದ್ದು ಆ ಗಳಿಗೆಯಲ್ಲೇ. ಲಕ್ಷ್ಮೀನರಸಿಂಹ ಬಾಗಿಲು ಬಿಟ್ಟು ಸರಿದರು. "ಯಲ್ಲಾ, ಹತ್ತಿ," ಎಂದ ಮಥಾಯಸ್.

ಮೂವರಿಗೂ ಒಂದೇ ಸೀಟು ಸಿಕ್ಕಿತು. ಹವಲ್ಲಿ ಹಿಂದೆ ಸರಿಯಿತು, ಸುಟ್ಟ ಕಾರುಗಳು ಸರಿದವು, ಗಡಿಯ ಕಡೆಯ ಬಟಾಬಯಲು ಶುರುವಾಯಿತು. ದಾರಿ ಉದ್ದ, ಮಾತು ಕಡಿಮೆ. ಮುಂದಿನ ಸೀಟಿನಿಂದ ಲಕ್ಷ್ಮೀನರಸಿಂಹ ಹಿಂತಿರುಗಿದರು. ಮುಖದಲ್ಲಿ ಕುಹಕವೇನೂ ಇರಲಿಲ್ಲ, ನಿಜವಾದ ಕುತೂಹಲ.

"ಸಾರ್, ಒಂದು ಅನುಮಾನ. ಆ ಬ್ಲೂಸ್‌ನೋರು, ಜಾಝ್‌ನೋರು, ಕ್ಷಯ ಬಂದವರು ಅಂತ ಹೇಳ್ತಿದ್ರಲ್ಲ. ರೋಗ ಬಂದ ಮೇಲೆ ಅವರು ಊದೋದು ಹೇಗೆ?"

ಬಸ್ಸು ಕಿವಿ ನಿಮಿರಿಸಿತು. ಜೀವಮಾನದಲ್ಲಿ ಮೊದಲ ಬಾರಿಗೆ ಯಾರೋ ಅವನ ಸಿದ್ಧಾಂತದ ಬಗ್ಗೆ ತಾವಾಗಿ ಪ್ರಶ್ನೆ ಕೇಳಿದ್ದರು, ಅದೂ ಊಟಕ್ಕೆ ಮುಂಚೆ ಅಲ್ಲ. ಉತ್ತರ ಬಾಯಿಪಾಠ. ಕೈ ಆಗಲೇ ಗಾಳಿಯಲ್ಲಿ ಏಳುತ್ತಿತ್ತು. ಚಿತ್ರಾಳ ಮೊಣಕೈ ಅವನ ಪಕ್ಕೆಗೆ ಬಂದು ಒರಗಿತು. ತಿವಿಯಲಿಲ್ಲ, ಸುಮ್ಮನೆ ಕಾಯುತ್ತಿತ್ತು.

"ಊದ್ತಿರಲಿಲ್ಲ ಸಾರ್," ಎಂದ ಶ್ಯಾಮಸುಂದರ್. "ರೋಗ ಬಂದ ದಿನವೇ ನಿಲ್ಲಿಸಿಬಿಡ್ತಿದ್ರು. ಒಂದು ಸ್ವರಾನೂ ಹೊರಡ್ತಿರಲಿಲ್ಲ."

"ಅದೇ ಮತ್ತೆ!" ಎಂದು ಲಕ್ಷ್ಮೀನರಸಿಂಹ ತೃಪ್ತಿಯಿಂದ ಮುಂದೆ ತಿರುಗಿದರು.

"ಬಟ್ ಅಪ್ಪಾ, ಯೂ ಸೆಡ್..." ಎಂದು ಪಾವನಾ ಶುರುಮಾಡಿದಳು.

ಚಿತ್ರಾ ಅವಳ ಬಾಯಿಗೆ ಒಂದು ಬಿಸ್ಕತ್ತು ತುರುಕಿದಳು. ಒಂದು ಕ್ಷಣ ಯೋಚಿಸಿ, ಗಂಡನ ಬಾಯಿಗೂ ಒಂದು ತುರುಕಿದಳು.